ಝರಿಯಾ ಸ್ಟೇಷನ್ ಮುಚ್ಚಿದ್ದು ಬರೀ ಬೆಂಕಿಯಿಂದಲ್ಲ

ನಮಸ್ಕಾರ. ಬೆಂಗಳೂರಿನಲ್ಲಿ ಕೂತು ಇವತ್ತು ಜಾರ್ಖಂಡಿನ ಒಂದು ರೈಲ್ವೆ ಸ್ಟೇಷನ್ ಬಗ್ಗೆ ಮಾತಾಡುತ್ತೇನೆ. ಧನಬಾದ್ ಪಕ್ಕದ ಝರಿಯಾ. ನೆಲದ ಕೆಳಗೆ ಬೆಂಕಿ ಇದೆ ಅಂತ ಆ ಸ್ಟೇಷನ್ ಮುಚ್ಚಿದರು. ಬೆಂಕಿ ಇರುವುದು ನಿಜ. ಆದರೆ ಬೆಂಕಿಯ ಹೆಸರು ಹೇಳಿ ಮಾತು ಮುಗಿಸಿಬಿಡುವುದನ್ನು ನಾನು ಒಪ್ಪುವುದಿಲ್ಲ.

ಆ ಸೀಮೆಗೆ ರೈಲು ಬಂದಿದ್ದೇ ಕಲ್ಲಿದ್ದಲಿಗಾಗಿ. 1890ರ ದಶಕದಲ್ಲಿ ಈಸ್ಟ್ ಇಂಡಿಯನ್ ರೈಲ್ವೆ ಧನಬಾದ್ ಕಡೆಗೆ ಹಳಿ ಹಾಕಿತು. ಅಲ್ಲಿ ಸಿಗುವುದು ಕೋಕಿಂಗ್ ಕಲ್ಲಿದ್ದಲು, ಉಕ್ಕು ಮಾಡಲು ಬೇಕಾಗುವಂಥದ್ದು. ಗಣಿ ಬಂತು, ಕೂಲಿಗೆ ಜನ ಬಂದರು, ಊರು ಬೆಳೆಯಿತು.

ಈಗ ಬೆಂಕಿಯ ವಿಷಯ. ನೆಲದಡಿ ಕಲ್ಲಿದ್ದಲು ತೆಗೆಯುವಾಗ ಮೇಲಿನ ನೆಲ ಕುಸಿಯದಿರಲಿ ಅಂತ ನಡುನಡುವೆ ಕಲ್ಲಿದ್ದಲಿನ ಕಂಬಗಳನ್ನೇ ಬಿಡುತ್ತಾರೆ. ಕೆಲಸ ಮುಗಿದ ಮೇಲೆ ಖಾಲಿ ಜಾಗಕ್ಕೆ ನೀರಿನ ಜೊತೆ ಮರಳು ತುಂಬಬೇಕು. ಅದಕ್ಕೆ ದುಡ್ಡು ಬೇಕು, ಲಾಭ ಕಡಿಮೆಯಾಗುತ್ತದೆ, ಹಾಗಾಗಿ ಎಷ್ಟೋ ಕಡೆ ತುಂಬಲೇ ಇಲ್ಲ. ಗಾಳಿ ತಾಗಿದ ಕಲ್ಲಿದ್ದಲು ತಾನಾಗಿಯೇ ಬಿಸಿಯಾಗುತ್ತದೆ, ಆ ಬಿಸಿ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಹೊತ್ತಿಕೊಳ್ಳುತ್ತದೆ. ಝರಿಯಾದಲ್ಲಿ ಮೊದಲ ಬೆಂಕಿ ಕಂಡಿದ್ದು 1916ರಲ್ಲಿ. 1970ರ ದಶಕದಲ್ಲಿ ಗಣಿಗಳು ಸರ್ಕಾರದ ಕೈಗೆ ಬಂದವು. ಆಮೇಲೆ ಮೇಲಿನಿಂದಲೇ ನೆಲ ಅಗೆಯುವ ತೆರೆದ ಗಣಿಗಳು ಜಾಸ್ತಿಯಾದವು. ಹಳೆಯ ಸುರಂಗಗಳಿಗೆ ಇನ್ನಷ್ಟು ಗಾಳಿ ನುಗ್ಗಿತು.

ಹೀಗೆ ನೆಲ ಟೊಳ್ಳಾಗಿ, ಬೆಂಕಿ ಹಳಿಯವರೆಗೂ ಬಂದು, ಈ ಶತಮಾನದ ಮೊದಲ ವರ್ಷಗಳಲ್ಲಿ ಧನಬಾದ್‌ನಿಂದ ಝರಿಯಾ ಮೂಲಕ ಪಾಥರ್ಡೀಹ್‌ಗೆ ಹೋಗುವ ಲೈನನ್ನೇ ನಿಲ್ಲಿಸಿದರು. ಸ್ಟೇಷನ್ ಹೋಯಿತು. ಅಗೆಯುವುದು ಮಾತ್ರ ನಿಲ್ಲಲಿಲ್ಲ!

ನಮ್ಮ ಕೆಜಿಎಫ್ ನೋಡಿ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹಳಿ ಬಂದಿದ್ದೂ ಅದೇ 1890ರ ದಶಕದಲ್ಲಿ, ಅದೂ ಗಣಿಗಾಗಿಯೇ. 2001ರಲ್ಲಿ ಚಿನ್ನದ ಗಣಿ ಮುಚ್ಚಿತು, ಕೆಲಸ ಹೋಯಿತು. ಆದರೆ ಟ್ರೈನ್ ಉಳಿಯಿತು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ಸ್ಟೇಷನ್‌ಗಳಲ್ಲಿ ಹತ್ತಿದವರು ಇವತ್ತಿಗೂ ಬೆಂಗಳೂರಿಗೆ ಬಂದು ದುಡಿದು ರಾತ್ರಿ ಮನೆ ಸೇರುತ್ತಾರೆ. ಆ ಟ್ರೈನ್ ಇಲ್ಲದಿದ್ದರೆ ಎಷ್ಟು ಮನೆಗಳು ಊರು ಬಿಡಬೇಕಿತ್ತು, ಯೋಚನೆ ಮಾಡಿ. ಕೆಜಿಎಫ್‌ನಲ್ಲಿ ಗಣಿ ಹೋಗಿ ರೈಲು ಉಳಿಯಿತು, ಝರಿಯಾದಲ್ಲಿ ರೈಲು ಹೋಗಿ ಗಣಿ ಉಳಿಯಿತು. ಎರಡರಲ್ಲಿ ಜನರಿಗೆ ಯಾವುದು ಆಸರೆಯಾಯಿತು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಸುಮ್ನೆ ಭಾವನೆಗೆ ಹೇಳುತ್ತಿಲ್ಲ. 2017ರ ಜೂನ್ 15ರಂದು ಧನಬಾದ್–ಚಂದ್ರಪುರ ಲೈನನ್ನೂ ಇದೇ ಬೆಂಕಿಯ ಕಾರಣಕ್ಕೆ ನಿಲ್ಲಿಸಿದರು. ಸುಮಾರು 34 ಕಿಲೋಮೀಟರ್ ಉದ್ದದ ಲೈನು. ಕತ್ರಾಸ್‌ಗಢದಂಥ ಗಿಜಿಗುಡುವ ಸ್ಟೇಷನ್ ಒಂದೇ ದಿನದಲ್ಲಿ ಖಾಲಿಯಾಯಿತು. ಕತ್ರಾಸ್‌ನವರು ಸುಮ್ಮನೆ ಕೂರಲಿಲ್ಲ, ಹೋರಾಟ ಮಾಡಿದರು. 2019ರಲ್ಲಿ ಮತ್ತೆ ಟ್ರೈನ್ ಓಡಿತು. ಹಾಗಾದರೆ ಆ ನೆಲ ಅಪಾಯವೋ ಅಲ್ಲವೋ? ಯಾವ ಜಾಗದಲ್ಲಿ ಬೆಂಕಿ ಎಷ್ಟು ಹತ್ತಿರ ಇದೆ ಅನ್ನುವುದನ್ನು ಆ ಟ್ರೈನಿನಲ್ಲಿ ದಿನಾ ಓಡಾಡುವವರಿಗೆ ಅರ್ಥವಾಗುವ ಹಾಗೆ ಹೇಳಬೇಕು. ಅದು ಅವರ ಹಕ್ಕು.

ಝರಿಯಾದ ಜನರನ್ನು ಬೇರೆ ಕಡೆ ನೆಲೆಗೊಳಿಸಲು 2009ರಲ್ಲಿ 7,112 ಕೋಟಿಯ ಯೋಜನೆ ಬಂತು. 2025ರಲ್ಲಿ ಅದನ್ನು ಪರಿಷ್ಕರಿಸಿ 5,940 ಕೋಟಿಗೆ ಕೇಂದ್ರ ಒಪ್ಪಿಗೆ ಕೊಟ್ಟಿತು. ಮನೆ ಕಟ್ಟಿಕೊಡಲಿ, ತುಂಬಾ ಸಂತೋಷ. ಆದರೆ ಈ ಜನರಿಗಾಗಿಯೇ ಕಟ್ಟಿದ ಬೆಲ್ಗಡಿಯಾ ಟೌನ್‌ಶಿಪ್‌ಗೆ ಹೋದವರು ಕೆಲಸಕ್ಕೆ, ಸಂತೆಗೆ, ಆಸ್ಪತ್ರೆಗೆ ಹೇಗೆ ಹೋಗಬೇಕು? ಕಲ್ಲಿದ್ದಲು ಸಾಗಿಸಲು ದಾರಿ ಹುಡುಕುವಷ್ಟೇ ಕಾಳಜಿಯಿಂದ ಇವರ ಓಡಾಟಕ್ಕೂ ದಾರಿ ಮಾಡಬೇಕು, ಮತ್ತು ಅದು ಮನೆಯ ಬೀಗದ ಕೈ ಕೊಡುವ ಮೊದಲೇ ಆಗಬೇಕು.