ನಾಣ್ಯಕ್ಕೆ ಮಗಳು ಏನು ಕೇಳಿದಳು?

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತಿನ ನನ್ನ ಮಾತು ಹೈಸ್ಕೂಲು, ಪಿಯುಸಿ ಓದುವ ಮಕ್ಕಳ ತಾಯಿ-ತಂದೆಯರಿಗೆ. ರೊಟ್ಟಿ ಬಡಿಯುತ್ತ ಕೇಳುತ್ತಿರುವ ಅವ್ವಂದಿರು ರೇಡಿಯೊ ಸಪ್ಪಳ ಸ್ವಲ್ಪ ಜಾಸ್ತಿ ಮಾಡಿಕೊಳ್ಳಿ.

ಮಗಳ ಗಾದಿ ಕೆಳಗೆ ಒಂದು ಡ್ರಾಯಿಂಗ್ ಶೀಟು ಸಿಗುತ್ತದೆ. ಸುತ್ತಲೂ ಅಕ್ಷರಗಳು, ಒಂದು ಮೂಲೆಯಲ್ಲಿ ‘ಹೌದು’, ಎದುರು ಮೂಲೆಯಲ್ಲಿ ‘ಇಲ್ಲ’, ನಡುವೆ ಮೇಣದಬತ್ತಿ ಸೋರಿದ ಕಲೆ. ಶೀಟಿನ ಮೇಲೆ ನಾಣ್ಯ ಇಟ್ಟು, ಅದರ ಮೇಲೆ ಬೆರಳಿಟ್ಟು, ಆತ್ಮಕ್ಕೆ ಪ್ರಶ್ನೆ ಕೇಳುವ ಆಟ ಅದು; ನಾಣ್ಯ ಸರಿದು ನಿಂತ ಕಡೆ ಇರುವುದೇ ಉತ್ತರ. ‘ನಮ್ಮ ಹುಡುಗಿ ಆತ್ಮ ಕರೀಲಿಕತ್ತಾಳ’ ಎಂದು ತಾಯಿಯ ಎದೆ ಧಸಕ್ಕೆನ್ನುತ್ತದೆ. ಮುಂದಿನದು ನನಗೆ ಬಾಯಿಪಾಠ. ಎರಡು ಏಟು, ಮೊಬೈಲ್ ಕಸಿದುಕೊಳ್ಳುವುದು, ನಿಂಬೆಹಣ್ಣು ನಿವಾಳಿಸುವುದು, ಕೊರಳಿಗೊಂದು ತಾಯತ, ಅಮಾವಾಸ್ಯೆಗೆ ಗಾಣಗಾಪುರ. ಇಷ್ಟೆಲ್ಲ ಮಾಡಿದವರು ಒಂದು ಮಾತು ಮಾತ್ರ ಕೇಳಿರುವುದಿಲ್ಲ: ‘ಆ ನಾಣ್ಯಕ್ಕ ನೀ ಏನು ಕೇಳ್ದಿ, ಮಗಾ?’

ಗಾಣಗಾಪುರಕ್ಕೆ ಹೋಗುವುದಕ್ಕೆ ನನ್ನ ತಕರಾರಿಲ್ಲ. ದತ್ತಾತ್ರೇಯನ ದರ್ಶನ ಮಾಡಿಕೊಂಡು ಬನ್ನಿ. ಖಾಜಾ ಬಂದೇನವಾಜರ ದರ್ಗಾಕ್ಕೂ ಹೋಗಿ ಬನ್ನಿ. ಬಸ್ಸು ಹತ್ತುವ ಮೊದಲು ಈ ಪ್ರಶ್ನೆ ಕೇಳಿ, ಇಷ್ಟೇ ನನ್ನ ವಿನಂತಿ.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಭಾನಾಮತಿ ಎಂಬ ಮಾಟದ ಮಾತು ಬಂದರೆ ಕಲಬುರಗಿ, ಬೀದರ್ ಕಡೆ ಈಗಲೂ ಜನ ದನಿ ತಗ್ಗಿಸುತ್ತಾರೆ. ಮನೆ ಮೇಲೆ ಕಲ್ಲು ಬಿದ್ದವಂತೆ, ಪೆಟ್ಟಿಗೆಯೊಳಗಿನ ಬಟ್ಟೆಗೆ ಬೆಂಕಿ ಹತ್ತಿತಂತೆ ಎಂಬ ಮಾತು ಕೇಳುತ್ತಲೇ ನೀವು ಬೆಳೆದವರು. ಆದರೆ ನಿಮ್ಮ ಮಗಳು ಆಡಿದ ಆಟಕ್ಕೂ ಭಾನಾಮತಿಗೂ ಸಂಬಂಧವಿಲ್ಲ. ಅದು ಅಂಗಡಿಯಲ್ಲಿ ಮಾರಿದ ಆಟಿಕೆ. ಅಮೆರಿಕದಲ್ಲಿ 1891ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು, ಹೆಸರು ಓಯಿಜಾ ಬೋರ್ಡ್. ಹಾವು-ಏಣಿ ಪಟ ಮಾರಿದ ಹಾಗೆಯೇ ಅದನ್ನೂ ಮಾರಿದರು. ನಮ್ಮ ಮಕ್ಕಳು ಬೋರ್ಡಿನ ಬದಲು ಡ್ರಾಯಿಂಗ್ ಶೀಟು, ಎರಡು ರೂಪಾಯಿ ನಾಣ್ಯ ಇಟ್ಟುಕೊಂಡಿದ್ದಾರೆ.

ಈಗ ಒಂದು ಮನೆಯ ಸಂಗತಿ ಹೇಳುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಸೇಡಂ ಕಡೆಯ ತೊಗರಿ ಬೆಳೆಯುವ ಕುಟುಂಬ. ಮಗಳು ಕಲಬುರಗಿಯಲ್ಲಿ ಪಿಜಿಯಲ್ಲಿದ್ದು ದ್ವಿತೀಯ ಪಿಯುಸಿ ಓದುತ್ತಿದ್ದಳು. ಒಂದು ರಾತ್ರಿ ಮೂವರು ಗೆಳತಿಯರು ಲೈಟು ಆರಿಸಿ ನಾಣ್ಯದ ಆಟ ಆಡಿದರು. ಮರುದಿನದಿಂದ ಇವಳಿಗೆ ನಿದ್ದೆಯಿಲ್ಲ, ಊಟ ಸೇರದು, ಬಚ್ಚಲಿಗೂ ಒಬ್ಬಳೇ ಹೋಗಳು. ಊರಿಗೆ ಕರೆದುಕೊಂಡು ಹೋದರು. ಅಲ್ಲಿಗೆ ಬಂದ ಮಂತ್ರವಾದಿ ‘ಹೆಣ್ಣು ಗಾಳಿ’ ಎಂದ. ಮುಂದಿನ ಸಲ ಮೆಣಸಿನಕಾಯಿ ಹೊಗೆ ಹಾಕಬೇಕು ಎಂದ. ಅದನ್ನು ಕೇಳಿ ಹುಡುಗಿಯ ಸೋದರಮಾವ ಎಲ್ಲರನ್ನೂ ನನ್ನ ಬಳಿ ಕರೆತಂದರು.

ತಂದೆ ಹೇಳಿದರು, ‘ಮೇಡಂ, ನಮ್ಮ ಹುಡುಗಿಗೆ ಏನೋ ಹಿಡದದ.’ ನಾನು ಕೇಳಿದೆ, ‘ಅವಳು ನಾಣ್ಯಕ್ಕೆ ಏನು ಕೇಳಿದಳಂತೆ?’ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ತಾಯಿ ಎಂದರು, ‘ಅಂಥಾದ್ದೆಲ್ಲ ಬಾಯಾಗ ತರಬಾರದಂತರಿ.’

ಹುಡುಗಿಯನ್ನು ಒಬ್ಬಳೇ ಕೂರಿಸಿಕೊಂಡೆ. ವೇಲಿನ ಅಂಚಿನ ದಾರ ಒಂದೊಂದೇ ಕಿತ್ತು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಬಹಳ ಹೊತ್ತಿಗೆ ಬಾಯಿಬಿಟ್ಟಳು: ‘ಆಯಿ, ನನ್ನ ಮ್ಯಾಲ ಸಿಟ್ಟಾಗೀಯೇನು ಅಂತ ಕೇಳ್ದೆ. ಹೌದು ಅಂತು.’ ಹಿಂದಿನ ವರ್ಷ ಪರೀಕ್ಷೆಯ ನಡುವೆ ಅವಳ ಆಯಿ, ಅಂದರೆ ಅಜ್ಜಿ, ತೀರಿಕೊಂಡಿದ್ದರು. ಪೇಪರ್ ಕೆಡಬಾರದೆಂದು ಮನೆಯವರು ಹೇಳಿರಲಿಲ್ಲ. ಫೋನಿನಲ್ಲಿ ಕೇಳಿದಾಗಲೆಲ್ಲ ‘ಆಯಿ ಮಲಗ್ಯಾಳ’ ಎನ್ನುತ್ತಿದ್ದರು. ಕಡೆಯ ಪೇಪರ್ ಮುಗಿಸಿ ಮನೆಗೆ ಬಂದವಳಿಗೆ ಕಂಡದ್ದು ಪಡಸಾಲೆಯಲ್ಲಿ ಹಾರ ಹಾಕಿದ ಫೋಟೊ. ಆ ವಿಷಯ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಮಣ್ಣಿಗೂ ಬರದ ಮೊಮ್ಮಗಳ ಮೇಲೆ ಆಯಿಗೆ ಸಿಟ್ಟಿರಬಹುದೇ ಎಂದು ಹುಡುಗಿ ಒಂದು ವರ್ಷ ಒಳಗೊಳಗೇ ಬೆಂದಿದ್ದಳು. ಕೇಳಲು ಮನೆಯಲ್ಲಿ ಯಾರೂ ಸಿಗದೆ ನಾಣ್ಯಕ್ಕೆ ಕೇಳಿದಳು.

ಮುಂದಿನ ಭೇಟಿಗೆ ಆ ಶೀಟನ್ನೂ ತರಿಸಿದೆ. ಹುಡುಗಿ, ತಾಯಿ, ತಂದೆ ಮೂವರೂ ನಾಣ್ಯದ ಮೇಲೆ ಬೆರಳಿಟ್ಟರು. ‘ಆಯಿಗೆ ಹೋಳಿಗೆ ಸೇರುತ್ತಿತ್ತೇನು?’ ಎಂದು ಕೇಳಿದೆ. ನಾಣ್ಯ ತೆವಳುತ್ತ ‘ಹೌದು’ ಕಡೆ ಹೋಯಿತು. ತಂದೆ ಬೆವರಿದರು, ‘ನಾ ನೂಕಿಲ್ಲರಿ’ ಎಂದರು. ಆಮೇಲೆ ಮೂವರ ಕಣ್ಣಿಗೂ ಬಟ್ಟೆ ಕಟ್ಟಿ, ಸದ್ದಾಗದ ಹಾಗೆ ಶೀಟನ್ನು ತಿರುಗಿಸಿಟ್ಟು ಅದೇ ಪ್ರಶ್ನೆ ಕೇಳಿದೆ. ನಾಣ್ಯ ಮೊದಲಿನ ಮೂಲೆಗೇ ಹೋಗಿ ನಿಂತಿತು. ಈಗ ಆ ಮೂಲೆಯಲ್ಲಿ ‘ಇಲ್ಲ’ ಇತ್ತು. ಹುಡುಗಿ ಬಟ್ಟೆ ಬಿಚ್ಚಿ ಬಹಳ ಹೊತ್ತು ನೋಡಿದಳು. ‘ಹಂಗಾದ್ರ ಅವತ್ತು ಹೌದು ಅಂದಾಕಿ ನಾನೇನಾ?’ ಎಂದಳು.

ಹೌದು, ಅವಳೇ. ಬೇಕೆಂದು ನೂಕಿದ್ದಲ್ಲ. ಮನಸ್ಸು ಒಂದು ಉತ್ತರ ನೆನೆದರೆ ಬೆರಳಿನ ಸ್ನಾಯು ನಮಗೆ ಗೊತ್ತಾಗದ ಹಾಗೆ ಆ ಕಡೆ ಸರಿಯುತ್ತದೆ. ಇಂಗ್ಲೆಂಡಿನಲ್ಲಿ ಜನ ಸುತ್ತ ಕುಳಿತು ಕೈಯಿಟ್ಟಾಗ ಮೇಜು ತಿರುಗುತ್ತಿತ್ತು. ಅದು ಆತ್ಮದ ಕೆಲಸ ಎನ್ನುತ್ತಿದ್ದರು. ವಿಜ್ಞಾನಿ ಮೈಕೇಲ್ ಫ್ಯಾರಡೆ 1853ರಲ್ಲೇ ಪರೀಕ್ಷೆ ಮಾಡಿ, ಮೇಜನ್ನು ತಿರುಗಿಸುತ್ತಿರುವುದು ಕುಳಿತವರ ಕೈಗಳೇ ಎಂದು ತೋರಿಸಿಕೊಟ್ಟ. ನೀವೂ ನೋಡಬಹುದು. ಉಂಗುರಕ್ಕೆ ದಾರ ಕಟ್ಟಿ ಬೆರಳಲ್ಲಿ ತೂಗಿ ಹಿಡಿಯಿರಿ, ಕೈ ಅಲ್ಲಾಡಿಸದೆ ಮನಸ್ಸಿನಲ್ಲೇ ‘ಸುತ್ತು, ಸುತ್ತು’ ಎನ್ನಿ. ಬಹಳ ಮಂದಿಗೆ ಉಂಗುರ ಸುತ್ತತೊಡಗುತ್ತದೆ. ಮಕ್ಕಳ ಜೊತೆ ಕೂತು ಮಾಡಿ.

ಆ ಹುಡುಗಿಗೆ ನೆಮ್ಮದಿ ಕೊಟ್ಟದ್ದು ಮಾತ್ರ ಫ್ಯಾರಡೆಯಲ್ಲ, ಅವಳ ತಾಯಿ. ‘ಆಯಿನೇ ಅಂದಿದ್ಳವ್ವ, ಅಕಿ ಪೇಪರ್ ಮುಗೀಲಿ, ಆಮ್ಯಾಲ ಹೇಳ್ರಿ ಅಂತ’ ಎಂದು ತಾಯಿ ಮಗಳನ್ನು ಹತ್ತಿರ ಎಳೆದುಕೊಂಡರು. ಈ ಒಂದು ಮಾತು ಒಂದು ವರ್ಷ ಮೊದಲೇ ಆಡಬಹುದಿತ್ತಲ್ಲ! ನನಗೆ ಹೊಟ್ಟೆ ಉರಿಯುವುದು ಇಲ್ಲಿಯೇ. ತಾಯತಕ್ಕೆ ದುಡ್ಡು ಸಾಲ ಮಾಡಿಯಾದರೂ ತರುತ್ತೇವೆ, ಮಗಳ ಹತ್ತಿರ ಹತ್ತು ನಿಮಿಷ ಕೂರುವುದಿಲ್ಲ.

ಸಮಯ ಬಹಳ ಉಳಿದಿಲ್ಲ, ಇನ್ನುಳಿದದ್ದು ಬೇಗ ಹೇಳುತ್ತೇನೆ. ರಾತ್ರಿ ಕನ್ನಡಿಯಲ್ಲಿ ಬೇರೆ ಮುಖ ಕಂಡಿತು ಎಂದು ಮಗ ಹೇಳಿದರೆ ಸುಳ್ಳು ಎಂದು ಬೈಯಬೇಡಿ. ಮಂದ ಬೆಳಕಿನಲ್ಲಿ ಕಣ್ಣು ಕದಲಿಸದೆ ನೋಡಿದರೆ ಯಾರಿಗಾದರೂ ಮುಖ ವಿಕಾರವಾಗಿ ಕಾಣಬಹುದು. ಇಟಲಿಯ ಮನಶ್ಶಾಸ್ತ್ರಜ್ಞರೊಬ್ಬರು 2010ರಲ್ಲಿ ಇದನ್ನು ವರದಿ ಮಾಡಿದ್ದಾರೆ. ದೆವ್ವದ ವಿಡಿಯೊ ಮಾಡಲು ರಾತ್ರಿ ಕಲಬುರಗಿಯ ಚೋರ್ ಗುಮ್ಮಟದ ಗುಡ್ಡ ಹತ್ತುವ ಹುಡುಗರಿಗೆ ಅಪಾಯ ಹಾವು ಚೇಳಿನದು, ಕತ್ತಲಲ್ಲಿ ಕಾಲು ಜಾರುವುದು. ಅದಕ್ಕೆ ಬೇಡ ಎನ್ನಿ, ಕಾರಣ ಇದೇ ಎಂದು ಹೇಳಿ. ದೆವ್ವ ಬಿಡಿಸುತ್ತೇನೆಂದು ಮಗುವನ್ನು ಹೊಡೆಯುವುದು, ಹಿಂಸಿಸುವುದು ಅಪರಾಧ. ಇಂಥದ್ದನ್ನು ತಡೆಯುವ ನಮ್ಮ ರಾಜ್ಯದ 2017ರ ಕಾಯ್ದೆ 2020ರಿಂದ ಜಾರಿಯಲ್ಲಿದೆ, ಪೊಲೀಸರಿಗೆ ದೂರು ಕೊಡಬಹುದು.

ಮಗು ಹಲವು ದಿನ ನಿದ್ದೆ ಮಾಡದಿದ್ದರೆ, ಯಾರೂ ಇಲ್ಲದ ಕಡೆ ದನಿ ಕೇಳುತ್ತದೆ ಎಂದರೆ, ಸಾಯುವ ಮಾತು ಆಡಿದರೆ, ತಡಮಾಡದೆ ಕಲಬುರಗಿಯ ಜಿಮ್ಸ್ ಆಸ್ಪತ್ರೆಯಲ್ಲೋ ನಿಮ್ಮ ಜಿಲ್ಲಾಸ್ಪತ್ರೆಯಲ್ಲೋ ಮನೋವೈದ್ಯರನ್ನು ಕಾಣಿ. ಟೆಲಿ-ಮಾನಸ್ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಂಬರ್ ಬರೆದುಕೊಳ್ಳಿ: ಒಂದು, ನಾಲ್ಕು, ನಾಲ್ಕು, ಒಂದು, ಆರು. ಇನ್ನೊಮ್ಮೆ, 14416.

ಇವತ್ತು ಯಾರ ಮನೆಯಲ್ಲಾದರೂ ಅಂಥ ಶೀಟು ಸಿಕ್ಕಿದ್ದರೆ ಅದನ್ನು ಒಲೆಗೆ ಹಾಕಬೇಡಿ. ಮಗು ಉಂಡ ಮೇಲೆ, ಮನೆಯಲ್ಲಿ ಗದ್ದಲ ಕಡಿಮೆಯಾದ ಮೇಲೆ ಪಕ್ಕದಲ್ಲಿ ಕೂತು ಏನು ಕೇಳಿತೆಂದು ಕೇಳಿ. ಮೊದಲ ಸಲ ‘ಏನಿಲ್ಲ’ ಎನ್ನುತ್ತದೆ. ನಾಳೆ ಮತ್ತೆ ಕೇಳಿ. ನಮಸ್ಕಾರ.