ಹಲಗೆ ಒಣಗಲಿ ಬಿಡಿ: ತುಮಕೂರಿನ ಒಂದು ತಾರಸಿ ಮೇಲೆ ಮರಗೆಲಸ

ಸರ್ ಸರ್ ಅನ್ನೋ ಈ ಸದ್ದು ಕೇಳಿಸುತ್ತಿದೆಯಲ್ಲ, ಇದು ಮರ ಹೆರೆಯುವ ತೋಪಡದ್ದು. ಅಲಗು ಚೂಪಾಗಿದ್ದರೆ ಹೀಗೆ ಉದ್ದುದ್ದ ಸುರುಳಿ ಎದ್ದು ಬರುತ್ತದೆ. ಮೊಂಡಾಗಿದ್ದರೆ ಬರೀ ಪುಡಿ.

ನಾವೀಗ ತುಮಕೂರಿನಲ್ಲಿದ್ದೇವೆ. ಅಮಾನಿಕೆರೆ ಹತ್ತಿರದ ಒಂದು ಮನೆಯ ತಾರಸಿ, ಮೇಲೆ ಶೀಟು. ಆಗಾಗ ಭಾನುವಾರ ಇಲ್ಲಿ ಒಂದಷ್ಟು ಜನ ಸೇರುತ್ತಾರೆ. ಯಾರೂ ಕಸುಬಿನ ಬಡಗಿಗಳಲ್ಲ. ಒಬ್ಬರು ರಿಟೈರ್ಡ್ ಮೇಷ್ಟ್ರು. ಒಬ್ಬರು ಹಲ್ಲಿನ ಡಾಕ್ಟ್ರು. ವಸಂತನರಸಾಪುರದ ಫ್ಯಾಕ್ಟರಿಗೆ ಶಿಫ್ಟ್ ಹೋಗುವ ಒಬ್ಬ ಹುಡುಗ. ಮತ್ತೆ ಎಲ್ಲರೂ ಅಕ್ಕ ಅಂತಲೇ ಕರೆಯುವ ಒಬ್ಬರು. ಈಚೆಗೆ ಮಾಡಿದ್ದನ್ನೆಲ್ಲ ಹೊತ್ತು ತರುತ್ತಾರೆ, ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ತಪ್ಪು ಹುಡುಕುತ್ತಾರೆ, ಕಾಫಿ ಕುಡಿದು ಹೋಗುತ್ತಾರೆ. ತಪ್ಪು ಹುಡುಕುವುದರಲ್ಲಿ ಮೇಷ್ಟ್ರೇ ಮುಂದು. ಅಭ್ಯಾಸ ಬಿಟ್ಟಿಲ್ಲ ನೋಡಿ.

ಮೊದಲು ಅವರದ್ದೇ ನೋಡೋಣ. ಹಲಸಿನ ಮರದ ಅಳಗುಳಿ ಮಣೆ. ಎರಡು ಸಾಲು, ಸಾಲಿಗೆ 7 ಗುಳಿ. ಅವರ ತೋಟ ಇರುವುದು ಗುಬ್ಬಿ ತಾಲ್ಲೂಕಿನಲ್ಲಿ. ಚೇಳೂರಿನ ಹಲಸು ಗೊತ್ತಲ್ವಾ? ಕೆಂಪು ತೊಳೆಯ ಸಿದ್ದು ಹಲಸು ಆ ಕಡೆಯದೇ. ಹಿರೇಹಳ್ಳಿಯ ತೋಟಗಾರಿಕೆ ಕೇಂದ್ರದವರು ಅದನ್ನು ಗುರುತಿಸಿದ ಮೇಲೆ ಹೆಸರು ಎಲ್ಲ ಕಡೆ ಹೋಯಿತು. ಮೇಷ್ಟ್ರದ್ದು ಅಷ್ಟೆಲ್ಲ ಹೆಸರುವಾಸಿ ಮರವಲ್ಲ. ಗಾಳಿಗೆ ಬಿದ್ದ ಹಳೇ ಮರ.

ಬಿದ್ದ ಮರವನ್ನು ಸಾಮಿಲ್‌ಗೆ ಒಯ್ದು 2 ಇಂಚು ದಪ್ಪದ ಹಲಗೆ ಸೀಳಿಸಿದರು. ನೆರಳಲ್ಲಿ ಒಂದರ ಮೇಲೊಂದು ಒಟ್ಟಿ, ಗಾಳಿಯಾಡಲಿ ಅಂತ ನಡುವೆ ಪಟ್ಟಿ ಕೊಟ್ಟರು. ಹಲಗೆಯ ಎರಡೂ ತುದಿಗೆ ದಪ್ಪಗೆ ಪೇಂಟು ಬಳಿದರು. ಯಾಕೆ ಅಂದರೆ ಮರದ ನೀರು ತುದಿಯಲ್ಲೇ ಬೇಗ ಆರುವುದು. ತುದಿ ಆರಿ ನಡು ಹಸಿಯಾಗೇ ಉಳಿದರೆ ಸೀಳು ಬಿಡುತ್ತದೆ. ಪೇಂಟು ಇದ್ದರೆ ನಿಧಾನಕ್ಕೆ, ಎಲ್ಲ ಕಡೆ ಒಂದೇ ಸಮ ಆರುತ್ತದೆ. ಒಂದಿಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಮರಗೆಲಸದ ಹಳೇ ಲೆಕ್ಕ. ಇವರದ್ದು 2 ಇಂಚು. ಕಾದರು.

ನನಗೆ ಇವರಲ್ಲಿ ತುಂಬಾ ಹಿಡಿಸಿದ್ದು ಇದೇ. ಕಸುಬಿನವರಿಗೆ ಹೀಗೆ ಕಾಯುವ ಅನುಕೂಲ ಎಲ್ಲಿ? ಗೃಹಪ್ರವೇಶದ ಪತ್ರಿಕೆ ಅಚ್ಚಾಗಿರುತ್ತದೆ, ಅಡುಗೆಮನೆ ಕಪಾಟು ಅಷ್ಟರೊಳಗೆ ಕೂರಬೇಕು. ಅದಕ್ಕೇ ಪ್ಲೈವುಡ್. ಪದರಗಳನ್ನು ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ ಅಂಟಿಸಿರುವುದರಿಂದ ಅದು ಹೆಚ್ಚು ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಅದನ್ನೇನೂ ಹಳಿಯುತ್ತಿಲ್ಲ, ನಮ್ಮನೆ ಬೀರುವೂ ಪ್ಲೈವುಡ್ಡೇ. ಆದರೆ ಒಂದು ಅಳಗುಳಿ ಮಣೆಗಾಗಿ ಎರಡು ಮಳೆಗಾಲ ಕಾಯುವ ಶೋಕಿ ಹವ್ಯಾಸದವರಿಗೆ ಮಾತ್ರ ಸಾಧ್ಯ.

ಈಗ ಬಣ್ಣ ನೋಡಿ. ಎಡಗೈಲಿರುವುದು ಈಗಷ್ಟೇ ತೋಪಡ ಹೊಡೆದ ತುಂಡು, ಅರಿಶಿನದ ಹಾಗೆ ಹಳದಿ. ಬಲಗಡೆ ಮಣೆ, ಆಗಲೇ ಕಂದು. ಎರಡೂ ಒಂದೇ ಹಲಗೆಯದು. ಬೆಳಕು, ಗಾಳಿ ತಾಗುತ್ತಾ ಹಲಸು ತಾನಾಗಿ ಕಂದಾಗುತ್ತದೆ, ಬಣ್ಣ ಹಚ್ಚುವುದೇ ಬೇಡ. ಪಕ್ಕದ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ವೀಣೆ ಮಾಡುವುದೂ ಈ ಹಲಸಿನ ಮರದಲ್ಲೇ.

ಡಾಕ್ಟ್ರದ್ದು ತೆಂಗಿನ ಮರದ ಸ್ಟೂಲು. ತಿಪಟೂರು ಕಡೆಯ ತೋಟದಲ್ಲಿ ಫಸಲು ನಿಂತ ಮರ. ತೆಂಗಿಗೆ ಬೇರೆ ಮರಗಳ ಹಾಗೆ ಉಂಗುರ ಇರುವುದಿಲ್ಲ. ಹೊರಗಡೆ ಕಲ್ಲಿನಷ್ಟು ಗಟ್ಟಿ, ನಡುವೆ ಮೆತ್ತಗೆ. ಕೆಲಸಕ್ಕೆ ಬರುವುದು ಹೊರಗಿನ ಭಾಗ ಮಾತ್ರ. ಹಾಗಾಗಿ ಅಗಲದ ಹಲಗೆ ಸಿಗಲ್ಲ, ಕಿರಿದಾದ ಪಟ್ಟಿಗಳನ್ನೇ ಅಂಟಿಸಿ ಸೀಟು ಮಾಡಬೇಕು. ಈ ಕಪ್ಪು ಗೀಟು ಚುಕ್ಕೆಗಳು ಕಾಣುತ್ತಿವೆಯಾ? ಅವು ನೀರು, ಆಹಾರ ಸಾಗಿಸುವ ನಾರಿನ ಕಟ್ಟುಗಳು. ಚಂದವೇನೋ ಹೌದು, ಆದರೆ ಈ ಮರ ಉಳಿಯ ಬಾಯಿಯನ್ನು ತಿಂದುಹಾಕುತ್ತದೆ. ಅದರೊಳಗಿನ ಸಿಲಿಕಾ ಅದಕ್ಕೆ ಕಾರಣ. ಡಾಕ್ಟ್ರು ಕೆತ್ತಿದ್ದಕ್ಕಿಂತ ಸಾಣೆ ಹಿಡಿದಿದ್ದೇ ಜಾಸ್ತಿಯಂತೆ. ಹಲ್ಲು ಕೊರೆದೂ ಕೊರೆದೂ ಕೈ ಪಳಗಿದೆ ಅಂತ ಎಲ್ಲರೂ ರೇಗಿಸುತ್ತಿದ್ದರು.

ಕಾಲುಗಳಿಗೆ ಮೊಳೆಯಿಲ್ಲ, ಸ್ಕ್ರೂ ಇಲ್ಲ. ಕಾಲಿನ ತುದಿಯನ್ನು ಸ್ವಲ್ಪ ಸೀಳಿ, ಸೀಟಿನ ತೂತಿಗೆ ತೂರಿಸಿ, ಮೇಲಿಂದ ಬೆಣೆ ಬಡಿದಿದ್ದಾರೆ. ಮೇಷ್ಟ್ರು ಬಗ್ಗಿ ನೋಡಿದ್ದು ಆ ಬೆಣೆಯನ್ನೇ. ಬೆಣೆ ಸೀಟಿನ ಎಳೆಗೆ, ಅಂದರೆ ಮರದ ನಾರು ಓಡುವ ದಿಕ್ಕಿಗೆ, ಅಡ್ಡಲಾಗಿರಬೇಕು. ಎಳೆಯ ಉದ್ದಕ್ಕೇ ಬಡಿದರೆ ಕಾಲು ಬಿಗಿಯಾಗುತ್ತದೆ, ಜೊತೆಗೆ ಸೀಟೂ ಬಿರಿಯುತ್ತದೆ. ನಾಲ್ಕೂ ಸರಿಯಾಗಿದ್ದವು. ಮೇಷ್ಟ್ರಿಗೆ ಸ್ವಲ್ಪ ಬೇಜಾರೇ ಆದ ಹಾಗಿತ್ತು.

ಹುಡುಗ ಸಿಲ್ವರ್ ಓಕ್‌ನಲ್ಲಿ ಪುಸ್ತಕದ ಶೆಲ್ಫ್ ಮಾಡಿದ್ದಾನೆ. ಅಗ್ಗದ ಮರ, ಹೊಲದ ಬದುವಿನಲ್ಲೆಲ್ಲ ಇರುತ್ತದೆ. ಸರಿಯಾದ ದಿಕ್ಕಿನಲ್ಲಿ ಸೀಳಿಸಿದರೆ ಇಷ್ಟು ಚಂದದ ಹೂವಿನ ಗೆರೆ ಬರುತ್ತದೆ. ಅದರ ಪುಡಿ ಕೆಲವರ ಚರ್ಮಕ್ಕೆ ಆಗುವುದಿಲ್ಲ, ತುರಿಕೆ ಏಳುತ್ತದೆ. ತುಂಬು ತೋಳಿನ ಅಂಗಿ, ಮಾಸ್ಕ್ ಬೇಕೇ ಬೇಕು. 1976ರ ಮರ ಸಂರಕ್ಷಣೆ ಕಾಯಿದೆಯಲ್ಲಿ ಸಿಲ್ವರ್ ಓಕ್, ತೆಂಗು ಕಡಿಯಲು ಅನುಮತಿ ಬೇಕಿಲ್ಲ. ಬೇರೆ ಮರವಾದರೆ, ನಿಮ್ಮದೇ ಜಮೀನಿನದಾದರೂ, ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಿ. ಮುಂದಿನ ಸಲ ಹಲಗೆಗಳ ನಡುವೆ ನದಿಯ ಹಾಗೆ ನೀಲಿ ಎಪಾಕ್ಸಿ ಅಂಟು ಸುರಿದು ನದಿ ಟೇಬಲ್ ಮಾಡ್ತೀನಿ ಅಂದ ಹುಡುಗ. ಮಾಡಲಿ. ನನಗಂತೂ ಅದು ಮರಕ್ಕಿಂತ ಪ್ಲಾಸ್ಟಿಕ್ ಕೆಲಸ ಅನಿಸುತ್ತದೆ.

ಈಗ ಅಕ್ಕನ ಸರದಿ. ಇಡೀ ತಾರಸಿಯಲ್ಲಿ ನನ್ನ ಕಣ್ಣು ಬಿದ್ದಿದ್ದು ಇದರ ಮೇಲೆ. ಹಿಟ್ಟಿನ ಕೋಲು, ಜೊತೆಗೊಂದು ಕವೆಗೋಲು. ಮುದ್ದೆ ತೊಳಸುವಾಗ ಪಾತ್ರೆ ತಿರುಗಿಹೋಗದಂತೆ ಒತ್ತಿ ಹಿಡಿಯುವುದು ಕವೆಗೋಲು. ಇದನ್ನು ಹಲಗೆಯಲ್ಲಿ ಕೊಯ್ದು ಮಾಡಿದರೆ ಬಾಳಿಕೆ ಬರಲ್ಲ, ಕವೆಯ ಒಂದು ಕಾಲು ಎಳೆ ಹಿಡಿದು ಮುರಿಯುತ್ತದೆ. ಮರದಲ್ಲೇ ಕವಲೊಡೆದ ಕೊಂಬೆ ಬೇಕು. ಅಲ್ಲಿ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಅಕ್ಕ ಅಂಥ ಕೊಂಬೆ ಹುಡುಕಿಕೊಂಡು ಊರ ಹುಣಸೆ ತೋಪೆಲ್ಲ ಸುತ್ತಿದ್ದಾರೆ.

“ಬೇವಿನದ್ದಾದ್ರೆ ಹುಳ ಹಿಡಿಯಲ್ವಲ್ಲ ಅಕ್ಕ?” ಅಂದೆ.

“ಕಹಿ ಇಳಿದ್ರೆ ಮುದ್ದೆ ನೀನು ತಿಂತೀಯೇನಪ್ಪಾ?”

ಹುಣಸೆ ಅಂದರೆ ಮಟನ್ ಅಂಗಡಿಯ ಕೊರಡಿಗೆ ಹಾಕುವ ಮರ. ಅಷ್ಟು ಗಟ್ಟಿ. ಕೋಲಿನ ತುದಿ ನೋಡಿ, ಚಪ್ಪಟೆ ಮಾಡಿ ಅಂಚನ್ನು ಮಾತ್ರ ದುಂಡಗೆ ತಿರುವಿದ್ದಾರೆ, ಪಾತ್ರೆಯ ತಳದ ಮೂಲೆಗೆ ಹೋಗಲಿ ಅಂತ. ಹಿಡಿಯ ಹತ್ತಿರ ಉಪ್ಪುಕಾಗದ ಹಾಕಿಲ್ಲ, ಬೇಕಂತಲೇ. ಬೆವರಿದ ಕೈ ಜಾರಬಾರದು.

ಎಣ್ಣೆ ವಿಷಯಕ್ಕೆ ಮಾತ್ರ ಜಗಳ ಬಂತು. ಮೇಷ್ಟ್ರು ಅಗಸೆ ಎಣ್ಣೆ ಅಂದರು. ಅದು ಗಾಳಿಗೆ ಒಣಗಿ ಗಟ್ಟಿ ಪದರ ಆಗುತ್ತದೆ, ಕೊಬ್ಬರಿ ಎಣ್ಣೆ ಯಾವತ್ತೂ ಒಣಗಲ್ಲ. ಮಾತು ನಿಜ. ಆದರೆ ದಿನಾ ಕುದಿಯುವ ಹಿಟ್ಟಿನಲ್ಲಿ ಮುಳುಗಿ, ತಿಕ್ಕಿಸಿಕೊಳ್ಳುವ ಕೋಲಿನ ಮೇಲೆ ಯಾವ ಪದರ ನಿಲ್ಲುತ್ತದೆ ಅಂತ ಅಕ್ಕ ಕೇಳಿದರು. ಒಣಗಿದಂತೆ ಕಂಡಾಗ ಚೂರು ಕೊಬ್ಬರಿ ಎಣ್ಣೆ ಸವರಿದರೆ ಆಯಿತು, ಮನೇಲೇ ಇರುತ್ತದಲ್ಲ. ನನ್ನ ಓಟು ಅಕ್ಕನಿಗೆ. ಅಗಸೆ ಎಣ್ಣೆ ಬಳಸುವವರು ಒಂದು ಮಾತು ನೆನಪಿಡಿ: ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಿ.

ಒಂದು ಜೊತೆ ನನಗೂ ಮಾರಿ ಅಕ್ಕ ಅಂತ ಕೇಳಿದೆ. ಮಾರಲ್ಲ, ಕವೆಯಿರೋ ಕೊಂಬೆ ತಗೊಂಡು ಬಾ, ಮಾಡೋದು ಹೇಳಿಕೊಡ್ತೀನಿ ಅಂದರು. ತುಮಕೂರು ಸುತ್ತಮುತ್ತ ಯಾರಾದರೂ ಹುಣಸೆ ಮರದ ಕೊಂಬೆ ಸವರಿಸುತ್ತಿದ್ದರೆ, ದಯವಿಟ್ಟು ಸೌದೆಗೆ ಹಾಕುವ ಮೊದಲು ನನಗೊಂದು ಮಾತು ತಿಳಿಸಿ.