ತಲಪಾಡಿಯಲ್ಲಿ ರಿಪೋರ್ಟ್ ಕೇಳುತ್ತಿದ್ದ ಕಾಲ

ನಮಸ್ಕಾರ ಮಾರಾಯ್ರೆ. 2021ರ ಆಗಸ್ಟ್ ನೆನಪುಂಟಾ? ಕೊರೊನಾ ಅಂತ ಮಂಗಳೂರು-ಕಾಸರಗೋಡು ಬಸ್ಸು ಬಂದ್. ಕೇರಳದ ಕಡೆಯಿಂದ ಬರುವವರು ಗಡಿಯ ತಲಪಾಡಿಯಲ್ಲಿ ಇಳಿದು, ಕೊಡೆ ಹಿಡಿದು ಗಡಿ ದಾಟಿ, ಈ ಕಡೆಯ ಬಸ್ಸು ಹತ್ತಬೇಕಿತ್ತು. ಕೈಯಲ್ಲಿ ಕೊರೊನಾ ಇಲ್ಲ ಅನ್ನುವ, 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ರಿಪೋರ್ಟ್ ಬೇರೆ. ಗಡಿಯಾಚೆ ಮಂಜೇಶ್ವರದ ನನ್ನ ಗೆಳೆಯ ಆ ಕಾಗದ ಒದ್ದೆಯಾಗಬಾರದೆಂದು ಹಾಲಿನ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಕಿಸೆಯಲ್ಲಿಟ್ಟುಕೊಂಡು ಬರುತ್ತಿದ್ದ.

ಕೇರಳದಲ್ಲಿ ಆಗ ಕೇಸು ಜಾಸ್ತಿ ಇತ್ತು, ನಿಜ. ಆದರೆ ಕೊರೊನಾದ ಯಾವ ಡೆಲ್ಟಾ ತಳಿಗೆ ಹೆದರಿ ರಿಪೋರ್ಟ್ ಕೇಳುತ್ತಿದ್ದೆವೋ, ಅದು ಮೇ ತಿಂಗಳಲ್ಲೇ ನಮ್ಮ ಮನೆಯೊಳಗೆ ಬಂದು ಕೂತಾಗಿತ್ತು. ಡೆಲ್ಟಾವನ್ನು ಹೊರಗಿನವರು ‘ಭಾರತದ ತಳಿ’ ಅಂದಾಗ ನಮಗೆ ಸಿಟ್ಟು ಬಂದಿತ್ತಲ್ವಾ? ಅದೇ ನಾವು ‘ಕೇರಳದ ಕೊರೊನಾ’ ಅಂದೆವು.

ಹೊಸ ತಳಿ ಅಂದ ಕೂಡಲೇ ನಾವು ಕೇಳುವುದು ಎಲ್ಲಿಂದ ಬಂತು ಅಂತ. ಎಷ್ಟು ಜನರಿಗೆ ಹಬ್ಬಿದೆ ಅಂತ ಕೇಳಬೇಕಿತ್ತು ಅನ್ನುವುದು ನನ್ನ ವಾದ.

ಈ ವೈರಸ್ಸಿನ ಜೀನೋಮ್ ಅಂದರೆ ಸುಮಾರು 30 ಸಾವಿರ ಅಕ್ಷರಗಳ ಪುಸ್ತಕ. ನಮ್ಮ ಜೀವಕೋಶ ಹೊಕ್ಕು ಅದು ಮಾಡುವ ಕೆಲಸ ಒಂದೇ, ತನ್ನ ನಕಲು. ಹಿಂದೆ ಯಕ್ಷಗಾನ ಪ್ರಸಂಗಗಳನ್ನು ಕೈಯಲ್ಲಿ ನಕಲು ಮಾಡುತ್ತಿದ್ದರಲ್ವಾ, ಹಾಗೆ. ಒಂದು ಎತ್ವ ಜಾಸ್ತಿ ಬಿದ್ದರೆ ‘ಕರೆ’ ಹೋಗಿ ‘ಕೆರೆ’ ಆಗುತ್ತದೆ. ಕೊರೊನಾ ತನ್ನ ತಪ್ಪನ್ನು ಸ್ವಲ್ಪ ತಾನೇ ತಿದ್ದಿಕೊಳ್ಳುತ್ತದೆ. ಆದರೂ ಕೆಲವು ಉಳಿಯುತ್ತವೆ. ಹೆಚ್ಚಿನವು ಯಾವ ಉಪಯೋಗಕ್ಕೂ ಇಲ್ಲ. ಅಪರೂಪಕ್ಕೆ ಒಂದು ತಪ್ಪು ವೈರಸ್ಸಿನ ಮೈಮೇಲಿನ ಮುಳ್ಳಿನಲ್ಲಿ, ಅಂದರೆ ಸ್ಪೈಕ್ ಪ್ರೋಟೀನಿನಲ್ಲಿ ಬಿದ್ದು ವೈರಸ್ಸಿಗೆ ಲಾಭವಾಗುತ್ತದೆ. ಕೋಟಿಗಟ್ಟಲೆ ಜನರ ಮೈಯಲ್ಲಿ ಎಷ್ಟು ನಕಲು ನಡೆಯಬಹುದು, ಸುಮ್ನೆ ಯೋಚಿಸಿ. ರೋಗನಿರೋಧಕ ಶಕ್ತಿ ಕುಗ್ಗಿದ ಒಬ್ಬ ರೋಗಿಯ ಮೈಯಲ್ಲಿ ತಿಂಗಳುಗಟ್ಟಲೆ ಉಳಿದರಂತೂ ಇಂಥ ತಪ್ಪುಗಳು ಒಂದರ ಮೇಲೊಂದು ಸೇರುತ್ತವೆ.

2021ರ ಫೆಬ್ರವರಿಯಲ್ಲಿ ದೇಶದಲ್ಲಿ ದಿನಕ್ಕೆ ಹತ್ತು ಸಾವಿರದ ಆಸುಪಾಸು ಕೇಸು. ಎಲ್ಲ ಮುಗಿಯಿತು ಅಂತ ಮದುವೆ, ಜಾತ್ರೆ ಶುರು ಮಾಡಿದೆವು. ಮೇ 6ರಂದು ಒಂದೇ ದಿನ 4.14 ಲಕ್ಷ! ಡೆಲ್ಟಾದ ಬಲ ಇದ್ದದ್ದು ಹರಡುವ ವೇಗದಲ್ಲಿ. ಆಮೇಲೆ ಬಂದ ಒಮಿಕ್ರಾನ್ ತಳಿ ಬೇರೆ ದಾರಿ ಹಿಡಿಯಿತು. ಅದರ ಸ್ಪೈಕಿನಲ್ಲೇ 30ಕ್ಕೂ ಹೆಚ್ಚು ಬದಲಾವಣೆ. ಹಳೆಯ ಸೋಂಕು, ಲಸಿಕೆಗಳಿಂದ ಬಂದ ಆ್ಯಂಟಿಬಾಡಿಗಳಿಗೆ ಗುರುತು ಹಿಡಿಯುವುದೇ ಕಷ್ಟವಾಯಿತು. ಹಾಗಾಗಿ ಲಸಿಕೆ ತಗೊಂಡವರಿಗೂ ಜ್ವರ ಬಂತು. ಆದರೆ ಜೀವ ಉಳಿಸುವ ವಿಷಯದಲ್ಲಿ ಲಸಿಕೆ ಕೈಕೊಡಲಿಲ್ಲ, ಅದನ್ನೂ ಹೇಳಬೇಕು.

ದೇಶದ ಮೊದಲ ಎರಡು ಒಮಿಕ್ರಾನ್ ಕೇಸು ಬೆಂಗಳೂರಿನದ್ದು. 2021ರ ಡಿಸೆಂಬರ್ 2ಕ್ಕೆ ಸುದ್ದಿ ಬಂತು. ಒಬ್ಬರು ವಿದೇಶದಿಂದ ಬಂದವರು. ಇನ್ನೊಬ್ಬರು ಊರಿನವರೇ, ವಿದೇಶಕ್ಕೆ ಹೋಗಿರಲೇ ಇಲ್ಲ. ಅಂದರೆ ನಮಗೆ ಗೊತ್ತಾಗುವ ಹೊತ್ತಿಗೆ ಅದು ಒಳಗೇ ಇತ್ತು.

ಗಡಿಯಲ್ಲಿ ತಪಾಸಣೆಗೆ ನಿಲ್ಲಿಸುವ ಸಿಬ್ಬಂದಿಯನ್ನು ಊರಿನ ಜ್ವರದ ಸ್ಯಾಂಪಲ್ ಒಟ್ಟು ಮಾಡಿ ಸೀಕ್ವೆನ್ಸಿಂಗಿಗೆ, ಅಂದರೆ ವೈರಸ್ಸಿನ ಆ ಪುಸ್ತಕ ಓದುವ ಪರೀಕ್ಷೆಗೆ, ಕಳಿಸುವ ಕೆಲಸಕ್ಕೆ ಹಾಕಿ. ಚರಂಡಿ ನೀರಿನಲ್ಲಿ ವೈರಸ್ ಉಂಟಾ ಅಂತ ಪರೀಕ್ಷೆ ಮಾಡಿ. ಅಂಗಡಿಯ ಹುಡುಗನಿಗೆ ಜ್ವರ ಬಂದರೆ ಸಂಬಳ ಹಿಡಿಯದೆ ನಾಲ್ಕು ದಿನ ರಜೆ ಕೊಡಿ. ರಜೆ ಸಿಕ್ಕದವನು ಮಾತ್ರೆ ನುಂಗಿ ಕೌಂಟರಿಗೆ ಬಂದೇ ಬರುತ್ತಾನೆ.

2023ರ ಡಿಸೆಂಬರಿನಲ್ಲಿ ಕೇರಳದಲ್ಲಿ ಜೆಎನ್.1 ಅನ್ನುವ ತಳಿ ಸಿಕ್ಕಿತು. ಅದೂ ಒಮಿಕ್ರಾನ್ ವಂಶದ್ದೇ. ಮತ್ತೆ ಗಡಿ ಜಿಲ್ಲೆಗಳಲ್ಲಿ ನಿಗಾ ಅಂತ ಟಿವಿಯಲ್ಲಿ ಬಂದ ದಿನ ಮಂಜೇಶ್ವರದಿಂದ ಫೋನು. “ಎಂತ ಮಾರಾಯ, ಹಾಲಿನ ತೊಟ್ಟೆ ತೆಗೆದಿಡ್ಲಾ?”